ಅಕ್ಕ ಓದಿ ಬೇಜಾರು ಮಾಡಿಕೊಂಡಳು. ನಮ್ಮದೇ ಬದುಕನ್ನು ಕಾದಂಬರಿಗೆ ಎಷ್ಟು ತರಬಹುದು?

ಅರ್ಧಕಾದಂಬರಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೈಯಬೇಡಿ.

ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಬರೆಯುವುದಕ್ಕಿಂತ ಅಳಿಸಿದ್ದೇ ಜಾಸ್ತಿ. ಮೊದಲ ಮೂರು ಅಧ್ಯಾಯ ಒಂದು ಹದಕ್ಕೆ ಬಂದಿವೆ ಅನಿಸಿ ಅಕ್ಕನಿಗೆ ಕಳಿಸಿದೆ. ಅವಳು ನನಗಿಂತ ಎಷ್ಟೋ ಜಾಸ್ತಿ ಓದಿದವಳು, ಅಂದರೆ ಕಾದಂಬರಿಗಳನ್ನು. ಕಾಲೇಜು ಓದಿದ್ದು ಮಾತ್ರ ನಾನು.

ವಿಷಯ ಅದೇ. ಅಕ್ಕ ಹತ್ತನೇ ಕ್ಲಾಸು ಮುಗಿಸಿದಾಗ ನಾನು ಏಳರಲ್ಲಿದ್ದೆ. ಇಬ್ಬರನ್ನೂ ಓದಿಸುವಷ್ಟು ದುಡ್ಡು ಅಪ್ಪನ ಹತ್ತಿರ ಇರಲಿಲ್ಲ. ಯಾರಾದರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದು ನನಗೆ ನೆನಪಿಲ್ಲ. ರಜೆ ಮುಗಿಯಿತು, ನಾನು ಸ್ಕೂಲಿಗೆ ಹೋದೆ, ಅವಳು ಮನೆಯಲ್ಲಿ ಉಳಿದಳು, ಅಷ್ಟೇ. ಕಾದಂಬರಿಯ ಎರಡನೇ ಅಧ್ಯಾಯದಲ್ಲಿ ಇದು ಬರುತ್ತದೆ. ಹೆಸರು ಬದಲಾಯಿಸಿದ್ದೇನೆ, ಅಪ್ಪನ ಕೆಲಸ ಬದಲಾಯಿಸಿದ್ದೇನೆ, ಅಕ್ಕನನ್ನು ತಂಗಿ ಮಾಡಿ ನೋಡಿದೆ, ಸರಿ ಬರಲಿಲ್ಲ, ಮತ್ತೆ ಅಕ್ಕನನ್ನೇ ಮಾಡಿದೆ. ಆ ರಾತ್ರಿ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿ ಅಳುತ್ತಾಳೆ. ತಮ್ಮ ಎಚ್ಚರವಿದ್ದೂ ನಿದ್ದೆ ಬಂದವನ ಹಾಗೆ ಬಿದ್ದಿರುತ್ತಾನೆ. ನಾಲ್ಕು ಪುಟ. ನಿಜ ಹೇಳಬೇಕೆಂದರೆ ಇಡೀ ಬರಹದಲ್ಲಿ ನನಗೆ ಹೆಮ್ಮೆ ಇದ್ದದ್ದು ಆ ನಾಲ್ಕು ಪುಟದ ಮೇಲೇ.

ಎರಡು ದಿನ ಅಕ್ಕ ಏನೂ ಹೇಳಲಿಲ್ಲ. ಮೂರನೇ ದಿನ ಒಂದು ಮೆಸೇಜ್ ಬಂತು. "ನನ್ನನ್ನು ಯಾಕೋ ಅಳಿಸಿದೆ?" ಅಂತ. ಮೊದಲು ನನಗೆ ಅರ್ಥವೇ ಆಗಲಿಲ್ಲ, ಅವಳಿದ್ದ ಯಾವುದೋ ಪ್ಯಾರಾ ಡಿಲೀಟ್ ಆಗಿದೆಯಾ ಅಂತ ಫೈಲ್ ತೆಗೆದು ನೋಡಿದೆ. ಆಮೇಲೆ ಇನ್ನೊಂದು ಮೆಸೇಜ್. "ಅವತ್ತು ನಾನು ಅತ್ತೇ ಇರಲಿಲ್ಲ ಕಣೋ."

ಅಲ್ಲಿಂದ ಒಂದು ಸಾಲೂ ಬರೆಯಲು ಆಗಿಲ್ಲ. ದೊಡ್ಡ ದೊಡ್ಡ ಕಾದಂಬರಿಕಾರರೆಲ್ಲ ತಮ್ಮ ಬದುಕಿನಿಂದಲೇ ಎತ್ತಿಕೊಂಡು ಬರೆದವರು ಅಂತ ಕೇಳಿದ್ದೇನೆ. ಅವರು ಇದನ್ನು ಹೇಗೆ ನಿಭಾಯಿಸಿದರು? ನಡೆದದ್ದನ್ನು ನಡೆದ ಹಾಗೇ ಬರೆಯಬೇಕಾ, ತಿರುಚಬಹುದಾ? ತಿರುಚಿದರೆ ಯಾರಿಗೆ ಮೋಸ? ಓದಿ ತಿಳಿದವರು ಹೇಳಿ.

ಹಳೇ_ಓದುಗ:

ನಿಮ್ಮ ಅಕ್ಕನ ಮೆಸೇಜ್ ಓದಿ ಒಂದು ನಿಮಿಷ ಸುಮ್ನೆ ಕೂತಿದ್ದೆ. ನಿಮಗಿಂತ ಚೆನ್ನಾಗಿ ಬರೆಯುತ್ತಾರೆ ಅನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. ಹುಟ್ಟಿದ್ದು 1812ರಲ್ಲಿ. 12 ವರ್ಷ ತುಂಬಿದಾಗ, 1824ರಲ್ಲಿ, ಅವನನ್ನು ಸ್ಕೂಲಿನ ಬದಲು ಲಂಡನ್ನಿನ ಒಂದು ಬೂಟ್ ಪಾಲಿಶ್ ಕಾರ್ಖಾನೆಗೆ ಕಳಿಸಿದರು. ಪಾಲಿಶ್ ಕುಡಿಕೆಗಳ ಬಾಯಿಗೆ ಮೊದಲು ಎಣ್ಣೆ ಕಾಗದ, ಅದರ ಮೇಲೆ ನೀಲಿ ಕಾಗದ ಮುಚ್ಚಿ, ದಾರ ಸುತ್ತಿ, ಅಂಚು ಕತ್ತರಿಸಿ, ಲೇಬಲ್ ಅಂಟಿಸುವುದು. ದಿನವಿಡೀ ಅದೇ. ಅಪ್ಪ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಜೈಲಿನಲ್ಲಿ. ಸಾಲಗಾರರನ್ನು ಜೈಲಿಗೆ ಹಾಕುತ್ತಿದ್ದ ಕಾಲ ಅದು, ಅಮ್ಮ, ಚಿಕ್ಕ ಮಕ್ಕಳು ಕೂಡ ಹೋಗಿ ಅಲ್ಲೇ ಇದ್ದರು. ಈ ಹುಡುಗ ಹೊರಗೆ ಒಬ್ಬನೇ.

ಆ ಕಾರ್ಖಾನೆಯಲ್ಲಿ ಬಾಬ್ ಫೇಗಿನ್ ಅಂತ ಇನ್ನೊಬ್ಬ ಹುಡುಗ ಇದ್ದ. ದಾರ ಸುತ್ತಿ ಗಂಟು ಹಾಕುವುದನ್ನು ಡಿಕನ್ಸನಿಗೆ ಹೇಳಿಕೊಟ್ಟವನು ಅವನೇ. ಒಂದು ದಿನ ಡಿಕನ್ಸನಿಗೆ ಪಕ್ಕೆ ನೋವು ಜೋರಾಗಿ ಬಂತು. ಈ ಬಾಬ್ ಅವನನ್ನು ಹುಲ್ಲಿನ ಮೇಲೆ ಮಲಗಿಸಿ, ಖಾಲಿ ಪಾಲಿಶ್ ಬಾಟಲಿಗಳಿಗೆ ಬಿಸಿನೀರು ತುಂಬಿ, ಅರ್ಧ ದಿನ ಪಕ್ಕೆಗೆ ಕಾವು ಕೊಡುತ್ತಾ ಕೂತ. ಸಂಜೆ ಮನೆವರೆಗೂ ಬಿಟ್ಟು ಬರುತ್ತೇನೆ ಅಂತ ಹೊರಟ. ಅಪ್ಪ ಜೈಲಿನಲ್ಲಿರುವುದು ಗೊತ್ತಾಗಿಬಿಡುತ್ತದಲ್ಲ ಅಂತ ಡಿಕನ್ಸ್ ಯಾವುದೋ ಮನೆಯ ಮೆಟ್ಟಿಲ ಹತ್ತಿರ ನಿಂತು "ಇದೇ ನಮ್ಮನೆ" ಅಂದ. ಬಾಬ್ ತಿರುಗಿ ನೋಡಿದರೆ ಅಂತ ಬಾಗಿಲು ಬೇರೆ ತಟ್ಟಿದ. ಬಾಗಿಲು ತೆಗೆದ ಹೆಂಗಸನ್ನು "ಇದು ರಾಬರ್ಟ್ ಫೇಗಿನ್ ಅವರ ಮನೆಯಾ?" ಅಂತ ಕೇಳಿದ.

ಇಷ್ಟು ಒಳ್ಳೆಯ ಹುಡುಗನ ಹೆಸರನ್ನು ದೊಡ್ಡವನಾದ ಮೇಲೆ ಏನು ಮಾಡಿದ ಗೊತ್ತಾ? 'ಆಲಿವರ್ ಟ್ವಿಸ್ಟ್'ನಲ್ಲಿ ಮಕ್ಕಳಿಗೆ ಕಳ್ಳತನ ಕಲಿಸುವ ಮುದುಕನಿಗೆ ಇಟ್ಟ. ಇದಕ್ಕೆ ಪಂಡಿತರು ಏನೇನೋ ಹೇಳುತ್ತಾರೆ. ನನ್ನ ಊಹೆ ಇಷ್ಟೇ, ಆ ಜಾಗದಲ್ಲಿ ಸಿಕ್ಕ ಅಕ್ಕರೆಯೇ ಅವನಿಗೆ ಜಾಸ್ತಿ ಭಯ ಹುಟ್ಟಿಸಿತ್ತು. ಒಗ್ಗಿಹೋದರೆ ಅಲ್ಲೇ ಉಳಿದುಬಿಡುತ್ತೇನೆ ಅನ್ನುವ ಭಯ.

ಈ ಕಾರ್ಖಾನೆ ಕತೆಯನ್ನು ಅವನು ಬದುಕಿದ್ದಾಗ ಹತ್ತಿರದವರು ಒಬ್ಬಿಬ್ಬರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. 1870ರಲ್ಲಿ ತೀರಿಕೊಂಡ ಮೇಲೆ ಗೆಳೆಯ ಫಾರ್ಸ್ಟರ್ ಜೀವನಚರಿತ್ರೆ ಬರೆದಾಗಲೇ ಜನಕ್ಕೆ ಗೊತ್ತಾದದ್ದು. ಆದರೆ 'ಡೇವಿಡ್ ಕಾಪರ್‌ಫೀಲ್ಡ್' ಓದಿದವರೆಲ್ಲ ಅದನ್ನು 1849-50ರಲ್ಲೇ ಓದಿಬಿಟ್ಟಿದ್ದರು, ಗೊತ್ತಿಲ್ಲದೆ! ಡೇವಿಡ್ ಕೂಡ ಬಾಟಲಿ ತೊಳೆಯುತ್ತಾನೆ, ಲೇಬಲ್ ಅಂಟಿಸುತ್ತಾನೆ. ಸಾಲ ಮಾಡಿ ಜೈಲಿಗೆ ಹೋಗುವವನು ಮಾತ್ರ ಅಲ್ಲಿ ಡೇವಿಡ್‌ನ ಅಪ್ಪ ಅಲ್ಲ, ಅವನು ಬಾಡಿಗೆಗಿದ್ದ ಮನೆಯ ಯಜಮಾನ ಮಿಕಾಬರ್. ನಗಿಸುವ ಮನುಷ್ಯ, ಇವತ್ತಲ್ಲ ನಾಳೆ ಏನಾದರೂ ಒದಗಿ ಬರುತ್ತದೆ ಅಂತ ಕಾಯುವವನು. ಹುಡುಗನನ್ನು ದುಡಿಯಲು ಕಳಿಸುವ ಕಲ್ಲು ಮನಸ್ಸಿನವನು ಬೇರೆ, ಅವನು ಮಲತಂದೆ. ಅಂದರೆ ಒಬ್ಬ ಅಪ್ಪನನ್ನು ಒಡೆದು ಪ್ರೀತಿಯನ್ನೊಂದು ಕಡೆ, ಸಿಟ್ಟನ್ನೊಂದು ಕಡೆ ಇಟ್ಟಿದ್ದಾನೆ.

ಅಲ್ಲಿಗೂ ಮುಗಿಯಲಿಲ್ಲ. 1851ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಬರೆದ 'ಲಿಟಲ್ ಡೋರಿಟ್'ನಲ್ಲಿ ಅದೇ ಮಾರ್ಷಲ್‌ಸೀ ಜೈಲು, ಅಲ್ಲಿ ಇಪ್ಪತ್ತು ವರ್ಷದ ಮೇಲೆ ಕೊಳೆತ ಒಬ್ಬ ಅಪ್ಪ. ಈ ಸಲ ನಗು ಕಡಿಮೆ. ಅಪ್ಪ ಇರುವವರೆಗೆ ಮಿಕಾಬರ್, ಹೋದ ಮೇಲೆ ಡೋರಿಟ್. ಅದಕ್ಕೇ ಹೇಳುವುದು, ನೀವು ಈಗ ಬರೆದದ್ದೇ ನಿಮ್ಮ ಅಕ್ಕನ ಕತೆಯ ಕೊನೇ ರೂಪ ಅಂದುಕೊಳ್ಳಬೇಡಿ.

ಕಂಬಳಿಹುಳ:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ, ಆದರೆ ನನ್ನದು ಅಡ್ಡ ಮಾತು. ಈ "ಅನುಭವ ಅನುಭವ" ಅನ್ನುವುದನ್ನು ನಾವು ಅತಿ ಮಾಡಿದ್ದೇವೆ. ಯಾವ ಕಾದಂಬರಿ ಬಂದರೂ ಇದು ಯಾರ ಕತೆ, ಆ ಪಾತ್ರ ಯಾರು, ಅವರ ಹೆಂಡತಿ ಏನಂದರು, ಇದೇ ಚರ್ಚೆ. ಪುಸ್ತಕ ಓದುತ್ತಿದ್ದೇವೋ ಪೊಲೀಸ್ ಕೆಲಸ ಮಾಡುತ್ತಿದ್ದೇವೋ?

ಸ್ಟೀಫನ್ ಕ್ರೇನ್ ಅಂತ ಅಮೆರಿಕದವನು. ಅಲ್ಲಿನ ಅಂತರ್ಯುದ್ಧ ಮುಗಿದದ್ದು 1865ರಲ್ಲಿ, ಇವನು ಹುಟ್ಟಿದ್ದು 1871ರಲ್ಲಿ. 1895ರಲ್ಲಿ ಅದೇ ಯುದ್ಧದ ಬಗ್ಗೆ 'ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್' ಪುಸ್ತಕವಾಗಿ ಬಂದಾಗ ಅವನಿಗೆ 23. ಒಂದು ಗುಂಡಿನ ಸದ್ದನ್ನೂ ಯುದ್ಧಭೂಮಿಯಲ್ಲಿ ಕೇಳಿದವನಲ್ಲ. ಯುದ್ಧ ಮಾಡಿ ಬಂದವರೇ ಇವನು ನಮ್ಮ ಜೊತೆ ಇದ್ದವನಿರಬೇಕು ಅಂದುಕೊಳ್ಳುವ ಹಾಗೆ ಬರೆದ. ಆ ರೋಷ ನನಗೆ ಫುಟ್‌ಬಾಲ್ ಮೈದಾನದಲ್ಲಿ ಸಿಕ್ಕಿತು ಅಂತ ಹೇಳಿಕೊಂಡಿದ್ದಾನೆ. ತಮಾಷೆ ಏನೆಂದರೆ, 1897ರಲ್ಲಿ ಗ್ರೀಸ್-ಟರ್ಕಿ ಯುದ್ಧಕ್ಕೆ ವರದಿಗಾರನಾಗಿ ಹೋಗಿ ನಿಜವಾದ ಕಾಳಗ ನೋಡಿ ಬಂದು, ಪರವಾಗಿಲ್ಲ ನನ್ನ ಪುಸ್ತಕ ಸರಿಯಾಗೇ ಇದೆ ಅಂದನಂತೆ.

ನನ್ನ ಸಲಹೆ: ಅಕ್ಕನನ್ನು ಬಿಟ್ಟುಬಿಡಿ. ನಿಮಗೆ ಗೊತ್ತೇ ಇಲ್ಲದ ಒಬ್ಬಳನ್ನು ಹುಟ್ಟಿಸಿ. ಯಾರಿಗೂ ಬೇಜಾರಿಲ್ಲ.

ಹಳೇ_ಓದುಗ:

ಫುಟ್‌ಬಾಲ್ ಮೈದಾನ ಮಾತ್ರ ಅನುಭವ ಅಲ್ವಾ ಸ್ವಾಮಿ?

ಕಂಬಳಿಹುಳ:

ಸಿಕ್ಕಿಬಿದ್ದೆ 😄 ಸರಿ, ಅರ್ಧ ಒಪ್ಪಿದೆ. ಆದರೂ ಗಮನಿಸಿ, ಅವನು ಎತ್ತಿಕೊಂಡದ್ದು ಮೈಯೊಳಗಿನ ರೋಷ, ಆಟದ ಸ್ಕೋರಲ್ಲ.

ಮಸಿಕುಡಿಕೆ:

ಅರ್ಧಕಾದಂಬರಿ ಅವರೇ, ನಿಮ್ಮ ಅಕ್ಕನ ಜಾಗದಲ್ಲಿ ನಾನು ಒಂದು ಸಲ ನಿಂತಿದ್ದೇನೆ. ನನಗೆ ಹುಷಾರಿಲ್ಲದೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದೆ, ಪರಿಚಯದವರೊಬ್ಬರು ಅದನ್ನೇ ಕತೆ ಮಾಡಿದರು. ಕಾಯಿಲೆ ಬರೆದದ್ದಕ್ಕೆ ನನಗೆ ಕೋಪ ಬರಲಿಲ್ಲ. ಕತೆಯಲ್ಲಿ ನಾನು ಕಿಟಕಿ ಆಚೆ ನೋಡುತ್ತಾ ಏನೇನೋ ಯೋಚಿಸುತ್ತಾ ಮಲಗಿರುತ್ತೇನೆ. ನಿಜದಲ್ಲಿ ನಾನು ಮೂರು ತಿಂಗಳು ಮೊಬೈಲಲ್ಲಿ ಇಸ್ಪೀಟು ಆಡಿದೆ, ಅದರಲ್ಲೂ ಮೋಸ ಮಾಡಿ ಗೆದ್ದೆ. ಅವರಿಗೆ ಬೇಕಾಗಿದ್ದದ್ದು "ಪಾಪ" ಅನ್ನಿಸುವ ಒಬ್ಬಳು. ನಾನು ಬೇಕಾಗಿರಲಿಲ್ಲ. ನಿಮ್ಮ ಅಕ್ಕ ಹೇಳುತ್ತಿರುವುದು ಇದನ್ನೇ ಇರಬಹುದು. ನನ್ನ ಬದುಕು ಯಾಕೆ ತಗೊಂಡೆ ಅಂತ ಅವರು ಕೇಳಿಲ್ಲ ನೋಡಿ. ಯಾಕೆ ಅಳಿಸಿದೆ ಅಂತ ಕೇಳಿದ್ದಾರೆ.

'ಗೃಹಭಂಗ' ಓದಿದ್ದೀರಲ್ಲ? ಭೈರಪ್ಪನವರು ಚಿಕ್ಕಂದಿನಲ್ಲೇ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ಅವರ ಆತ್ಮಕಥೆ 'ಭಿತ್ತಿ' ಓದಿದ ಮೇಲೆ 1970ರ ಈ ಕಾದಂಬರಿಗೆ ವಾಪಸ್ ಹೋದರೆ ಎದೆ ಹಿಂಡುತ್ತದೆ. ಬೇರೆ ಯಾರಾದರೂ ಆಗಿದ್ದರೆ ಬದುಕಿ ಉಳಿಯುವ ಹುಡುಗನನ್ನು ಮಧ್ಯೆ ನಿಲ್ಲಿಸಿ, ಅವನ ಕಣ್ಣೀರಿನಿಂದಲೇ ಇಡೀ ಕತೆ ಹೇಳಿಸುತ್ತಿದ್ದರು. ಇಲ್ಲಿ ನಡುವೆ ಇರುವುದು ತಾಯಿ ನಂಜಮ್ಮ. ಅವಳು ಅಳುತ್ತಾ ಕೂರುವುದಿಲ್ಲ. ಗಂಡ ಕೈಲಾಗದವನು ಅಂತ ಶಾನುಭೋಗಿಕೆಯ ಲೆಕ್ಕ ತಾನೇ ಬರೆಯುತ್ತಾಳೆ. ಲೇಖಕರು ಅವಳ ಪರವಾಗಿ ಒಂದು ಮಾತೂ ಎತ್ತುವುದಿಲ್ಲ, ಪಾಪ ಅನ್ನುವುದಿಲ್ಲ. ಒಣಗಿದ ದನಿಯಲ್ಲಿ ಹೇಳಿಕೊಂಡು ಹೋಗುತ್ತಾರೆ. ಅಳುವ ಕೆಲಸ ನಮಗೆ ಬಿಟ್ಟಿದ್ದಾರೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯ ಕೊನೇ ಮಗ ಅಲ್ಯೋಶಾ 1878ರ ಮೇ ತಿಂಗಳಲ್ಲಿ ಮೂರ್ಛೆ ರೋಗದಿಂದ ತೀರಿಕೊಂಡ. ಮೂರು ವರ್ಷ ತುಂಬಲು ಇನ್ನು ಮೂರು ತಿಂಗಳಿತ್ತು. ಮೂರ್ಛೆ ಅಪ್ಪನಿಗೇ ಇದ್ದ ಕಾಯಿಲೆ, ಅಂದರೆ ತನ್ನಿಂದಲೇ ಮಗನಿಗೆ ಬಂತು ಅನ್ನುವ ಸಂಕಟ ಬೇರೆ. ಆಗ ಬರೆಯುತ್ತಿದ್ದ 'ಕರಮಜೋವ್ ಸಹೋದರರು' ಕಾದಂಬರಿಯ ನಾಯಕನಿಗೆ ಅಲ್ಯೋಶಾ ಅಂತಲೇ ಹೆಸರು. ಆದರೆ ದುಃಖವನ್ನು ಎಲ್ಲಿಟ್ಟ ನೋಡಿ. ಮಠದ ಗುರುವಿನ ಹತ್ತಿರ ಒಬ್ಬ ಬಡ ರೈತ ಹೆಂಗಸು ಬರುತ್ತಾಳೆ, ಎರಡೇ ಎರಡು ಪುಟ ಇರುತ್ತಾಳೆ. ಅವಳ ಮಗುವಿಗೂ ಮೂರು ತುಂಬಲು ಮೂರೇ ತಿಂಗಳಿತ್ತು. ಮಗುವಿನ ಪುಟ್ಟ ಸೊಂಟಪಟ್ಟಿಯನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತಿರುತ್ತಾಳೆ, ಅದನ್ನು ತೆಗೆದು ನೋಡಿದ್ದೇ ತಡ ಮಾತು ನಿಂತುಹೋಗುತ್ತದೆ. ಮಗನನ್ನು ಕಳೆದುಕೊಂಡ ಒಬ್ಬ ಲೇಖಕನನ್ನು ಕೂರಿಸಿ ಹತ್ತು ಪುಟ ಭಾಷಣ ಮಾಡಿಸಬಹುದಿತ್ತು. ಮಾಡಿಸಲಿಲ್ಲ.

ನಿಮ್ಮ ನಾಲ್ಕು ಪುಟದಲ್ಲಿ ಅಳುತ್ತಿರುವುದು ಯಾರು ಅಂತ ಒಂದು ಸಲ ನೋಡಿಕೊಳ್ಳಿ. ಅಕ್ಕನಾ, ಎಚ್ಚರವಿದ್ದೂ ನಿದ್ದೆ ನಟಿಸಿದ ತಮ್ಮನಾ?

ಅರ್ಧಕಾದಂಬರಿ:

ಮಸಿಕುಡಿಕೆ ಅವರೇ, ಕೊನೇ ಸಾಲು ಸರಿಯಾಗಿ ಬಡಿಯಿತು. ಎರಡು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ.

ನಿನ್ನೆ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಹೇಗೆ ಶುರು ಮಾಡುವುದು ಗೊತ್ತಾಗದೆ ಈ ಡಿಕನ್ಸ್ ಕತೆ ಹೇಳಿದೆ, ಬಾಟಲಿ, ನೀಲಿ ಕಾಗದ, ಲೇಬಲ್ ಎಲ್ಲ. ಲೇಬಲ್ ಅಂದ ತಕ್ಷಣ ನಕ್ಕಳು. "ಅವತ್ತು ರಾತ್ರಿ ನಾನೂ ಅದೇ ಮಾಡ್ತಿದ್ದೆ" ಅಂದಳು.

ನನಗೆ ಪೂರ್ತಿ ಮರೆತುಹೋಗಿತ್ತು. ಸ್ಕೂಲು ಶುರುವಾಗುವ ಹಿಂದಿನ ರಾತ್ರಿ ನನ್ನ ಪುಸ್ತಕಗಳಿಗೆಲ್ಲ ಬೈಂಡ್ ಹಾಕಿದ್ದು ಅವಳು. ಪ್ರತಿ ವರ್ಷ ಅವಳೇ ಹಾಕುತ್ತಿದ್ದಳು, ನನ್ನದು ಮೂಲೆ ಯಾವಾಗಲೂ ಸೊಟ್ಟ ಬರುತ್ತಿತ್ತು. ಹಾಕಿ, ಲೇಬಲ್ ಅಂಟಿಸಿ, ನನ್ನ ಹೆಸರು, ಕ್ಲಾಸು, ಸಬ್ಜೆಕ್ಟು ಬರೆದಳಂತೆ. ಲೇಬಲ್ ಹಾಳೆಯಲ್ಲಿ ಒಂದು ಉಳಿಯಿತಂತೆ. ಅದರ ಮೇಲೆ ಅವಳ ಹೆಸರು ಬರೆದಳು. ಕ್ಲಾಸು ಅನ್ನುವ ಕಡೆ ಏನು ಬರೆಯುವುದು ಅಂತ ಪೆನ್ನು ಹಿಡಿದು ಕೂತಿದ್ದಾಗ ಅಮ್ಮ ಲೈಟು ಆರಿಸು ಅಂದರಂತೆ. "ಆರಿಸಿ ಮಲಗಿದೆ ಕಣೋ, ಒಳ್ಳೇ ನಿದ್ದೆ ಬಂತು" ಅಂದಳು. ಆ ಲೇಬಲ್ ಏನಾಯಿತು ಅಂದರೆ ಗೊತ್ತಿಲ್ಲ ಅಂದಳು.

ನಾನು ನಾಲ್ಕು ಪುಟ ಅಳಿಸಿದ್ದೇನೆ. ಈ ಸಲ ಡಿಲೀಟ್ ಅನ್ನುವ ಅರ್ಥದಲ್ಲಿ. ಈಗ ಭಯ ಏನೆಂದರೆ, ಈ ಲೇಬಲ್ ವಿಷಯ ಬರೆದರೆ ಓದುವವರು "ಇದೆಲ್ಲ ಕಟ್ಟಿದ್ದು" ಅನ್ನುತ್ತಾರೇನೋ. ಅಷ್ಟು ಸರಿಯಾಗಿ ಕೂರುತ್ತದೆ.

ರಾತ್ರಿಪಾಳಿ:

ಅನ್ನಬಹುದು. ನಡೆದದ್ದು ಅನ್ನುವ ಒಂದೇ ಕಾರಣಕ್ಕೆ ಓದುಗ ನಂಬುವುದಿಲ್ಲ. 'ಅನ್ನಾ ಕರೆನಿನಾ'ದಲ್ಲಿ ಲೆವಿನ್ ಮತ್ತು ಕಿಟಿ ಇಸ್ಪೀಟಿನ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಪದಗಳ ಮೊದಲ ಅಕ್ಷರ ಮಾತ್ರ ಬರೆದು ಮನಸ್ಸು ಹೇಳಿಕೊಳ್ಳುವುದು ಬರುತ್ತದಲ್ಲ, ಬರೀ ಮೊದಲ ಅಕ್ಷರ ನೋಡಿ ಇಡೀ ವಾಕ್ಯ ಹೇಗೆ ಗೊತ್ತಾಗುತ್ತದೆ, ಟಾಲ್‌ಸ್ಟಾಯ್ ಇಲ್ಲಿ ಸ್ವಲ್ಪ ಬಿಟ್ಟಿದ್ದಾನೆ ಅಂತ ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, 1862ರಲ್ಲಿ ಟಾಲ್‌ಸ್ಟಾಯ್ ಮುಂದೆ ಹೆಂಡತಿಯಾದ ಸೋಫಿಯಾಗೆ ಹೀಗೇ ಸೀಮೆಸುಣ್ಣದಲ್ಲಿ ಮೊದಲ ಅಕ್ಷರಗಳನ್ನು ಬರೆದು ತೋರಿಸಿದ್ದ! ಅವನಿಗೆ 34, ಅವಳಿಗೆ 18. ಮದುವೆಗೆ ಮುಂಚೆ ತನ್ನ ಡೈರಿಗಳನ್ನೂ ಕೊಟ್ಟು ಓದಿಸಿದ, ಹಳೇ ಸಂಬಂಧಗಳೆಲ್ಲ ಬರೆದಿದ್ದವು. ಲೆವಿನ್ ಕೂಡ ಅದನ್ನೇ ಮಾಡುತ್ತಾನೆ. ನಡೆದದ್ದೇ ಆದರೂ ನನಗೆ ಆ ಸೀಮೆಸುಣ್ಣ ಇವತ್ತಿಗೂ ಪೂರ್ತಿ ದಕ್ಕುವುದಿಲ್ಲ. ಡೈರಿ ದಕ್ಕುತ್ತದೆ, ಓದಿ ಕಿಟಿ ಅಳುತ್ತಾಳೆ, ಏನೂ ಜಾದೂ ಇಲ್ಲ ಅಲ್ಲಿ.

ಹಾಗಾಗಿ ಲೇಬಲ್ ಇಟ್ಟುಕೊಳ್ಳಿ, ಆದರೆ ಅದಕ್ಕೆ ಲೈಟ್ ಬಿಡಬೇಡಿ. ಖಾಲಿ ಜಾಗ ನೋಡಿ ಅವಳ ಮನಸ್ಸಿನಲ್ಲಿ ಏನಾಯಿತು ಅಂತ ಒಂದು ಪ್ಯಾರಾ ಬರೆದಿರೋ, ಕೆಟ್ಟಿತು. ಬೈಂಡ್ ಹಾಕುವುದನ್ನು ಚೆನ್ನಾಗಿ ಬರೆಯಿರಿ. ಮೂಲೆ ಮಡಿಸುವುದು, ಉಗುರಲ್ಲಿ ಗೆರೆ ಎಳೆಯುವುದು, ಗೋಂದು. ಲೇಬಲ್ಲಿಗೆ ಎರಡು ಸಾಲು ಸಾಕು. ಒಳ್ಳೇ ನಿದ್ದೆ ಬಂತು ಅನ್ನುವುದನ್ನು ಮಾತ್ರ ಬಿಡಬೇಡಿ, ಅದು ನೀವು ಏಳು ಜನ್ಮಕ್ಕೂ ಕಲ್ಪಿಸಿಕೊಳ್ಳಲಾಗದ ಸಾಲು.

ಮತ್ತೆ ತಡವಾಯಿತು ಅಂತ ಗಾಬರಿ ಬೇಡ. ದಾಸ್ತೊಯೆವ್‌ಸ್ಕಿ ಸೈಬೀರಿಯಾದ ಜೈಲಿನಿಂದ ಹೊರಗೆ ಬಂದದ್ದು 1854ರಲ್ಲಿ, ಅದರ ಕಾದಂಬರಿ ಅಚ್ಚಾಗಲು ಶುರುವಾದದ್ದು 1860ರಲ್ಲಿ. ಅವನು ರಾಜಕೀಯ ಕೈದಿ, ಆದರೆ ಪುಸ್ತಕದಲ್ಲಿ ಕತೆ ಹೇಳುವವನು ಹೆಂಡತಿಯನ್ನು ಕೊಂದು ಬಂದವನು! ಅದು ಸೆನ್ಸಾರಿಗೆ ಹೆದರಿ ಮಾಡಿದ್ದೂ ಇರಬಹುದು. ಫ್ರೆಂಚ್ ಲೇಖಕಿ ಮಾರ್ಗರೀತ್ ದ್ಯುರಾಸ್ ತನ್ನ ಹುಡುಗಿತನದ ಅದೇ ಕತೆಯನ್ನು 1950ರಲ್ಲಿ ಒಂದು ಸಲ ಬರೆದಳು, 1984ರಲ್ಲಿ 70ನೇ ವಯಸ್ಸಿಗೆ 'ದಿ ಲವರ್' ಅಂತ ಮತ್ತೆ ಬರೆದಳು, ಸಾಲದು ಅಂತ 1991ರಲ್ಲಿ ಮೂರನೇ ಸಲ. ನೀವಿನ್ನೂ ಮೊದಲನೇ ಸುತ್ತಿನಲ್ಲಿದ್ದೀರಿ.

ಕಂಬಳಿಹುಳ:

ನನ್ನ ಸಲಹೆ ವಾಪಸ್. ಅಕ್ಕ ಇರಲಿ.

ಒಂದು ವಿಷಯ ಮಾತ್ರ ಯಾರೂ ಹೇಳಲಿಲ್ಲ. ಅವರು ಒಪ್ಪಿದ್ದಾರಾ? ಅಮೆರಿಕದ ಕಾದಂಬರಿಕಾರ ಥಾಮಸ್ ವುಲ್ಫ್ 1929ರಲ್ಲಿ ತನ್ನ ಊರಿನವರನ್ನೆಲ್ಲ ಗುರುತು ಸಿಗುವ ಹಾಗೆ ಮೊದಲ ಕಾದಂಬರಿಯಲ್ಲಿ ತುಂಬಿ, ಎಂಟು ವರ್ಷದ ಹತ್ತಿರ ಊರಿಗೆ ಕಾಲಿಡಲಿಲ್ಲ. ಪುಸ್ತಕ ಉಳಿಯಿತು, ಸರಿ. ನಿಮಗೆ ಇರುವುದು ಒಬ್ಬಳೇ ಅಕ್ಕ.

ಅರ್ಧಕಾದಂಬರಿ:

ಕೇಳಿದೆ. "ಬರಿ, ಆದರೆ ಮೊದಲು ನನಗೆ ತೋರಿಸು" ಅಂದಿದ್ದಳು.

ಮೂರು ವಾರ ಆಯಿತು. ನಾಲ್ಕು ಪುಟ ಈಗ ಒಂದೂವರೆ ಆಗಿದೆ. ತಮ್ಮ ಆ ಜಾಗದಲ್ಲಿ ಇಲ್ಲವೇ ಇಲ್ಲ, ಅವನು ನಿಜವಾಗಿಯೂ ನಿದ್ದೆ ಮಾಡುತ್ತಿದ್ದಾನೆ. ರಾತ್ರಿಪಾಳಿ ಅವರು ಹೇಳಿದ ಹಾಗೆ ಬೈಂಡ್ ಹಾಕುವುದೇ ಜಾಸ್ತಿ ಇದೆ, ಅದಕ್ಕಾಗಿ ಮೊನ್ನೆ ಕೂತು ಒಂದು ಹಳೇ ಡಿಕ್ಷನರಿಗೆ ಬೈಂಡ್ ಹಾಕಿದೆ, ಮೂಲೆ ಈಗಲೂ ಸೊಟ್ಟ. ಲೇಬಲ್ಲಿಗೆ ನೀಲಿ ಅಂಚು ಅಂತ ಬರೆದಿದ್ದೆ.

ನಿನ್ನೆ ಅಕ್ಕನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. "ಅಂಚು ನೀಲಿ ಅಲ್ಲ, ಕೆಂಪು." ಅಷ್ಟೇ. ಬೇರೇನೂ ಇಲ್ಲ.

ಹಳೇ_ಓದುಗ:

ನೀಲಿ ಡಿಕನ್ಸನದು. ವಾಪಸ್ ಕೊಟ್ಟುಬಿಡಿ.

ಕಂಬಳಿಹುಳ:

ಕೊಡಬೇಡಿ! ಕಾದಂಬರಿಯಲ್ಲಿ ನೀಲಿಯೇ ಇರಲಿ, ಅಕ್ಕನಿಗೆ ಕೊಡುವ ಪ್ರತಿಯಲ್ಲಿ ಮಾತ್ರ ಪೆನ್ನಲ್ಲಿ ತಿದ್ದಿ ಕೊಡಿ.